ಅಳದ ಕೂಸು, ತುಂಡು ನಿದ್ದೆ

ಬೀದರಿಗೆ ರೈಲು ಬರುವುದಕ್ಕೆ ಮುಂಚಿನ ಮಾತು. ನಿಜಾಮರ ರಾಜ್ಯ. ಭಾಲ್ಕಿಯಲ್ಲಿ ಸರ್ಕಾರಿ ಕಚೇರಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಆ ಮನೆಗೆ ನಾನು ಹಿರಿಯ ಸೊಸೆ. ಅಡುಗೆ, ಹೈನು, ಬಾಣಂತನ ಇವು ಹತ್ತು ವರ್ಷದಿಂದ ನನ್ನ ಪಾಲಿನ ಕೆಲಸಗಳು. ಚೈತ್ರದ ಒಂದು ಮಧ್ಯಾಹ್ನ ನಾನೂ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಕಾಶಮ್ಮನೂ ಅಂಗಳದಲ್ಲಿ ಶಾವಿಗೆ ಹೊಸೆಯುತ್ತಿದ್ದೆವು. ನಾನು ಮಣೆಯ ಮೇಲೆ ಕೂತು ಹಿಟ್ಟು ತಿಕ್ಕಿದರೆ, ಅವಳು ಕೆಳಗಿಳಿಯುವ ಎಳೆಗಳನ್ನು ಹಿಡಿದು ಕೋಲಿಗೆ ಹಾಕುತ್ತಿದ್ದಳು. ನಾದಿನಿ ಗುರಮ್ಮನ ಚೊಚ್ಚಲ ಬಸಿರಿಗೆ ಏಳು ತಿಂಗಳು ತುಂಬಿತ್ತು. ಕುಬಸ, ಅಂದರೆ ಸೀಮಂತ, ಮಾಡಲು ಅವಳನ್ನು ಔರಾದಿನ ಗಂಡನ ಮನೆಯಿಂದ ಕರೆತರಲೆಂದು ಗಾಡಿ ಹೋಗಿತ್ತು. ಶಾವಿಗೆ ಆ ದಿನದ ಊಟಕ್ಕೆ.

ಗಾಡಿ ಹೊಡೆಯುವ ಶರಣಪ್ಪ ಒಬ್ಬನೇ ಓಡುತ್ತ ಬಂದ. "ಅಕ್ಕೋರ, ಗಾಡಿ ಊರ ಹೊರಗ ನಿಂದ್ರಿಸೀನ್ರಿ. ಗುರಮ್ಮೋರಿಗಿ ಬ್ಯಾನಿ ಎದ್ದಾವ. ಮುಂದ ಎತ್ತು ಹೊಡಿಲಾಕ ನನಗ ಧೈರ್ಯ ಸಾಲವಲ್ದು. ಹೊರಸ ತಗೊಂಡು ನಾಕು ಮಂದಿ ಬರ್ರಿ."

ಅವಳನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತು ತಂದರು. ದೀಪ ಹಚ್ಚುವ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಅದರ ತಲೆ ನನ್ನ ಎಡ ಅಂಗೈಯಲ್ಲಿ ಕಿತ್ತಳೆಹಣ್ಣಿಗಿಂತ ತುಸು ದೊಡ್ಡದಾಗಿ ಕೂತಿತ್ತು. ಮರುದಿನ ಕಿರಾಣಿಯವನ ತಕ್ಕಡಿ ತರಿಸಿ, ಅರಳೆ ಹಾಸಿ ತೂಗಿದೆವು: ಒಂದೂವರೆ ಸೇರು. ಬಾಣಂತಿಗೆ ಜ್ವರ, ಹಾಲು ಹಿಂಡಿ ಕೊಡುವಷ್ಟೇ ಅವಳ ತ್ರಾಣ. ಉರಿಬಿಸಿಲಿನ ದಿನಗಳಾದ್ದರಿಂದ ಕೂಸು ತಣ್ಣಗಾಗದೆ ಉಳಿಯಿತು. ಅದೇ ಪುಷ್ಯಮಾಸದಲ್ಲಿ ಹುಟ್ಟಿದ್ದರೆ ಏನಾಗುತ್ತಿತ್ತೋ. ಬಿಸಿಲನ್ನು ಬೈಯುವುದನ್ನು ನಾನು ಆ ವರ್ಷದಿಂದ ಬಿಟ್ಟೆ.

ಮೂರನೆಯ ದಿನ ಬೀದರಿನಿಂದ ಮಿಷನ್ ದವಾಖಾನೆಯ ನರ್ಸಬಾಯಿ ಟಾಂಗಾದಲ್ಲಿ ಬಂದರು. ನಮ್ಮ ಕಡೆಯ ಹೆಣ್ಣುಮಗಳೇ. ಕೂಸನ್ನು ಬಿಚ್ಚಿ ನೋಡಿ, ಮತ್ತೆ ಅರಳೆಯಲ್ಲಿ ಸುತ್ತಿ, ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ತುಟಿಗೆ ಹನಿ ಹನಿಯಾಗಿ ಬಿಡುವುದನ್ನು ಕಲಿಸಿದರು.

"ಎರಡೆರಡು ತಾಸಿಗಿ ಒಮ್ಮಿ ಕೊಡಬೇಕ್ರಿ, ಹಗಲಿರುಳು. ಎರಡು ಸಲ ತಪ್ಪಿದ್ರ ಮೂರನೇ ಸಲ ನುಂಗಲಾಕ ಅದಕ್ಕ ಶಕ್ತಿ ಇರಂಗಿಲ್ಲ. ಇನ್ನೊಂದು ನೆನಪಿಡ್ರಿ, ಇದು ಹಸಿವ್ಯಾದ್ರ ಅಳಂಗಿಲ್ಲ."

"ಯಾಕ್ರಿ ಬಾಯಿ?"

"ಅಳಲಾಕೂ ಬಲ ಬೇಕಲ್ರಿ. ನಿಮಗ ನೀವೇ ಎಚ್ಚರ ಆಗಬೇಕು."

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. "ರಾತ್ರಿ ಪಾಳಿ ಮಾಡೋರು ನಾವು ಹಿಂಗ ಮಾಡ್ತೀವ್ರಿ. ನಿದ್ದಿ ಕಡಿಮಿ ಮಾಡಬ್ಯಾಡ್ರಿ ಅವ್ವ, ತುಂಡ ಮಾಡ್ರಿ. ರಾತ್ರಿ ಹೋದ ತುಂಡು ಹಗಲ ತಗೋರಿ." ನಾನು ಹೂಂ ಅಂದೆ. ಕೇಳಿಸಿಕೊಂಡದ್ದು ಮಾತ್ರ ಅರ್ಧ.

ಕಚೇರಿಯ ಪಹರೆಯವನು ತಾಸಿಗೊಮ್ಮೆ ಗಂಟೆ ಹೊಡೆಯುತ್ತಿದ್ದ. ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಈಗ ಅದೇ ಆಸರೆಯಾಯಿತು. ಮೊದಮೊದಲು ಗಂಟೆ ಕೇಳಿದರೂ ಮೈ ಏಳುತ್ತಿರಲಿಲ್ಲ. ಅದಕ್ಕೆ ಸಂಜೆ ಊಟ ಅರ್ಧ ಮಾಡಿದೆ. ಹಾಸಿಗೆ ಬಿಟ್ಟು ಬರೀ ಚಾಪೆ ಹಿಡಿದೆ. ಎದ್ದ ಕೂಡಲೆ ಅಂಗಾಲಿಗೆ ತಣ್ಣೀರು. ಹಾಲು ಕುಡಿಸುವಾಗ ಗೋಡೆಗೆ ಒರಗುವಂತಿಲ್ಲ. ಹತ್ತು ದಿನ ಹೀಗೆ ಕಳೆದ ಮೇಲೆ ಮೈ ಪಳಗಿತು. ಗಂಟೆ ಹೊಡೆಯುವ ಮುಂಚೆಯೇ ಕಣ್ಣು ತೆರೆಯುತ್ತಿತ್ತು. ಕೈ ಬತ್ತಿಯ ಬಟ್ಟಲಿಗೆ ತಾನಾಗಿ ಹೋಗುತ್ತಿತ್ತು. ಕೂಸು ನುಂಗಿದ ಮೇಲೆ ಶಿವನನ್ನು ನೆನೆದು ಅಡ್ಡಾಗುವೆ, ಮರುಕ್ಷಣ ನಿದ್ದೆ. ನನಗೇ ಸೋಜಿಗ.

ಆ ಸೋಜಿಗವೇ ಹೆಮ್ಮೆಗೆ ತಿರುಗಿತು. ಹಗಲು ತೆಗೆದುಕೊಳ್ಳಬೇಕಾದ ತುಂಡನ್ನು ನಾನು ತೆಗೆದುಕೊಳ್ಳಲೇ ಇಲ್ಲ. ಹಿರಿಯ ಸೊಸೆ ಹಾಡಹಗಲೇ ಮಲಗಿದ್ದನ್ನು ಓಣಿ ನೋಡಿದರೆ ಹೇಗೆ ಎಂಬ ನಾಚಿಕೆ ಒಂದು. ಇಷ್ಟು ಕಡಿಮೆ ನಿದ್ದೆಯಲ್ಲಿ ನಡೆಯುತ್ತದೆಂದರೆ ಇನ್ನೂ ಕಡಿಮೆಯಲ್ಲಿ ಯಾಕೆ ನಡೆಯಬಾರದು ಎಂಬ ಲೆಕ್ಕ ಇನ್ನೊಂದು. ಕಾಶಮ್ಮ ದಿನಾ ಕೇಳುತ್ತಿದ್ದಳು: "ಅಕ್ಕಾ, ಎರಡು ಪಾಳಿ ನನಗ ಕೊಡ್ರಿ." ನಾನು "ಬ್ಯಾಡ, ಕೂಸಿಗಿ ನನ್ನ ಕೈ ರೂಢಿ ಆಗ್ಯದ" ಅನ್ನುತ್ತಿದ್ದೆ. ಬೇಳೆ ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನ ಅವಳು ನಕ್ಕಳು. "ಕೂಸಿನ ಸೋದರಮಾವನ ಮ್ಯಾಲ ಸಿಟ್ಟಿದ್ರ ಮಕದ ಮ್ಯಾಲ ಬೈದುಬಿಡ್ರಿ. ಹಿಂಗ ಉಪ್ಪಿನಾಗ ಕೊಲ್ಲಬ್ಯಾಡ್ರಿ." ಸೋದರಮಾವನೆಂದರೆ ನನ್ನ ಯಜಮಾನರು. ಅವರು ಮಜ್ಜಿಗೆ ಕಲಸಿ ಉಂಡು ಎದ್ದರು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮಿಂದು ಪೂಜೆಗೆ ಕೂತೆ. ಕೊರಳ ಇಷ್ಟಲಿಂಗ ಎಡ ಅಂಗೈಯಲ್ಲಿ, ಕಣ್ಣು ಅದರ ಮೇಲೆ, ಬಾಯಲ್ಲಿ ಮಂತ್ರ. ಕಣ್ಣು ಯಾವಾಗ ಮುಚ್ಚಿತೋ ತಿಳಿಯದು. ತಾಮ್ರದ ಗಿಂಡಿಗೆ ಏನೋ ತಾಗಿ ಠಣ್ ಎಂದಾಗ ಎಚ್ಚರವಾಯಿತು. ಅಂಗೈ ಬರಿದಾಗಿತ್ತು. ಲಿಂಗ ನೆಲದ ಮೇಲಿತ್ತು.

ನಮ್ಮವರಲ್ಲಿ ಇದು ಎಂಥ ಮಾತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಾಯುವ ತನಕ ಮೈಬಿಟ್ಟು ಅಗಲಬಾರದ ಲಿಂಗ. ಪಡಸಾಲೆಯಿಂದ ಅತ್ತೆಯವರು ಕೇಳಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಕಿವಿ ಮಾತ್ರ ಬಲು ಚುರುಕು.

"ಏನ್ ಬಿತ್ತು ನೀಲಮ್ಮ?"

"ಗಿಂಡಿ ಉಳ್ಳಿತ್ರಿ."

ಜನ್ಮದಲ್ಲಿ ನಾನು ಅತ್ತೆಗೆ ಹೇಳಿದ ಸುಳ್ಳುಗಳು ಕಡಿಮೆ. ಇದು ಮಧ್ಯಾಹ್ನದ ತನಕವೂ ನಿಲ್ಲಲಿಲ್ಲ. ತುತ್ತು ಬಾಯಿಗೆ ಹೋಗಲಿಲ್ಲ. ಅತ್ತೆಯವರ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಣ್ಣೀರು ಹಾಕಿದೆ. ಅವರು ತಡವಿ ನನ್ನ ಕೈ ಹಿಡಿದರು.

"ಯಾವ ಕೈಯಾಗಿಂದ ಬಿತ್ತು?"

"ಎಡಗೈರಿ."

"ಕೂಸಿನ ತಲಿ ಯಾವ ಕೈಯಾಗ ಹಿಡಿತಿ?"

ನಾನು ನನ್ನ ಎಡ ಅಂಗೈ ನೋಡಿಕೊಂಡೆ.

"ದೇವರು ತಾ ಬಿದ್ದು ಕೂಸಿಗಿ ಉಳಿಸ್ಯಾನ. ನಾಳಿ ಅಯ್ನೋರಿಗಿ ಕರಸ್ತೀನಿ, ಅವರು ಏನ್ ಹೇಳ್ತಾರೋ ಹಂಗ ಮಾಡಮು. ಈಗ ಹೋಗಿ ಬಿದ್ಕೋ. ಕಾಶಿ, ಬತ್ತಿ ಬಟ್ಟಲ ಇಲ್ಲಿ ತಾ."

ಆ ಮಧ್ಯಾಹ್ನ, ಬಾಗಿಲು ತೆರೆದೇ ಇದ್ದ ಕೋಣೆಯಲ್ಲಿ, ನಾನು ಹಾಡಹಗಲೇ ಮಲಗಿದೆ. ಓಣಿ ನೋಡಿತೋ ಬಿಟ್ಟಿತೋ ಗೊತ್ತಿಲ್ಲ. ಮರುದಿನ ಮಠದ ಅಯ್ಯನವರು ಬಂದು ಪಾದೋದಕ ಕೊಟ್ಟರು. ಶಿವದಾರಕ್ಕೆ ಹೊಸ ಗಂಟು ಹಾಕಿ, ನನ್ನ ಕಣ್ಣ ಕೆಳಗಿನ ಕಪ್ಪು ನೋಡಿ, "ಇನ್ನ ಮ್ಯಾಲ ಎಚ್ಚರಿದ್ದಾಗ ಪೂಜಿ ಮಾಡವ್ವ" ಎಂದಷ್ಟೇ ಹೇಳಿ ಹೋದರು.

ಅಂದಿನಿಂದ ಪಾಳಿ ಹಂಚಿದೆವು. ಸಂಜೆಯದು ಕಾಶಮ್ಮನಿಗೆ. ಮುದಿತನದಲ್ಲಿ ಹೇಗೂ ನಿದ್ದೆ ಬಾರದ ಅತ್ತೆಯವರಿಗೆ ಬೆಳಗಿನ ಜಾವ. ಕಣ್ಣು ಕಾಣದಿದ್ದರೂ ಅವರ ಬೆರಳು ಕೂಸಿನ ತುಟಿಯನ್ನು ಎಂದೂ ತಪ್ಪಲಿಲ್ಲ. ನಡುವಿನದು ನನಗೆ. ಪಳಗಿದ ಮೈ ಒಮ್ಮೆಗೇ ಮಾತು ಕೇಳಲಿಲ್ಲ. ನನ್ನ ಪಾಳಿಯಲ್ಲದ ಗಂಟೆಗೂ ಕಣ್ಣು ತೆರೆಯುತ್ತಿತ್ತು. ಎದ್ದು ಕೂತರೆ ಅತ್ತೆಯವರು ಅತ್ತ ಕಡೆಯಿಂದಲೇ "ನಿನ್ನ ಯಾರ ಕರದಾರ?" ಅನ್ನುತ್ತಿದ್ದರು. ಅವರು ಕೂಸಿನೊಡನೆ ಪಿಸುಮಾತು ಆಡುವುದನ್ನು ಕೇಳುತ್ತ ಮತ್ತೆ ನಿದ್ದೆ ಹೋಗುತ್ತಿದ್ದೆ. ಅದಕ್ಕಿಂತ ಸುಖದ ನಿದ್ದೆ ನನಗೆ ನೆನಪಿಲ್ಲ.

ನಲವತ್ತನೆಯ ದಿನ ನರ್ಸಬಾಯಿ ಮತ್ತೆ ಬಂದರು. ಗುರಮ್ಮನ ಜ್ವರ ಆಗಲೇ ಬಿಟ್ಟಿತ್ತು. ಅದೇ ತಕ್ಕಡಿ, ಅದೇ ಅರಳೆ: ಎರಡೂಕಾಲು ಸೇರು. ಅವರು ಮುಳ್ಳು ಸರಿಯಾಗಿ ನಿಲ್ಲುವುದನ್ನು ಕಾಯುತ್ತಿದ್ದಾಗ ತಕ್ಕಡಿಯ ಪರಡಿಯೊಳಗಿನ ಕೂಸು ಮುಖ ಕೆಂಪಗೆ ಮಾಡಿ ಅಳತೊಡಗಿತು. ಬೆಕ್ಕಿನ ಮರಿಯಷ್ಟು ದನಿ. ಎಲ್ಲರೂ ನಿಂತು ಕೇಳಿದೆವು.

"ಹಸಿದದ್ರಿ ಇದು," ಎಂದರು ನರ್ಸಬಾಯಿ. "ಇನ್ನ ಅದೇ ನಿಮಗ ಎಬ್ಬಸ್ತದ. ಗಂಟಿ ಕಾಯಬ್ಯಾಡ್ರಿ." ಕೂಸನ್ನು ಎತ್ತಿ ತಾಯಿಯ ಎದೆಗೆ ಹಚ್ಚಿದರು. ಅದು ಹಿಡಿಯಿತು.

ಮೈಯನ್ನು ಇಷ್ಟು ಹೊತ್ತಿಗೆ ಏಳು ಎಂದು ಪಳಗಿಸಬಹುದು. ನಿದ್ದೆಯೇ ಬೇಡ ಎಂದು ಪಳಗಿಸಲು ಆಗದು ಎನ್ನುವುದನ್ನು ಆ ಬಾಣಂತನ ನನಗೆ ಕಲಿಸಿತು. ಆಮೇಲೆ ಎಷ್ಟೋ ಬಾಣಂತನ ಮಾಡಿದ್ದೇನೆ. ಮೊದಲ ದಿನವೇ "ಎರಡನೇ ಪಾಳಿ ಯಾರದು?" ಎಂದು ಕೇಳುತ್ತೇನೆ.

ನರ್ಸಬಾಯಿಯ ಟಾಂಗಾ ಓಣಿ ದಾಟಿತು. ಕಚೇರಿ ಗಂಟೆ ಹೊಡೆಯಿತು. ನನ್ನ ಕೈ ಬಟ್ಟಲಿಗೆ ಹೋಗಿ, ಅದು ಬರಿದಾಗಿರುವುದನ್ನು ಕಂಡು ಹಿಂದೆ ಬಂತು. ನಾಡಿದ್ದು ತೊಟ್ಟಿಲು ಕಟ್ಟಿ ಹೆಸರಿಡುವುದಿತ್ತು. ಅಂಗಳದಿಂದ ಕಾಶಮ್ಮ ಕೂಗಿದಳು: "ಅಕ್ಕಾ, ಹಿಟ್ಟು ನಾದೀನಿ, ಆರಿ ಹೋಗ್ತದ. ಬರ್ರಿ." ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ಶಾವಿಗೆ ಮಣೆ ಹತ್ತಿದೆ.