ಬಾಟ್ಲಿಯ ತಳದ ಹರಳು

ಸವಣೂರಿನ ಬಸ್ಸು ತಡವಾಗುತ್ತದೆ, ಅದಕ್ಕೇ ಅಲ್ಲಿಂದ ಬರುವ ನನ್ನ ಗೆಳತಿ ಮಧ್ಯಾಹ್ನದ ಬ್ಯಾಚಿಗೆ ಹೋದಳು ಎಂದು ಶಿಗ್ಗಾಂವದ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಸ್ಸು ಮೊದಲು ಬರುತ್ತಿದ್ದ ಹೊತ್ತಿಗೇ ಈಗಲೂ ಬರುತ್ತದೆ. ಒಂದು ವಾರ ಸ್ಟ್ಯಾಂಡಿನಲ್ಲಿ ನಿಂತು ನೋಡಿದ್ದೇನೆ.

ಲ್ಯಾಬಿನಲ್ಲಿ ನಮ್ಮಿಬ್ಬರದು ಒಂದೇ ಮೇಜು. ಹಂಸಭಾವಿಯಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದ ನನಗೆ ಅವಳಲ್ಲದೆ ಬೇರೆ ಗೆಳತಿ ಇರಲಿಲ್ಲ. ಅವಳ ಡಬ್ಬಿಯ ಖಾರ, ನನ್ನ ವಾದ, ಎರಡೂ ಇಬ್ಬರಿಗೂ ಸಾಲುತ್ತಿದ್ದವು.

ಅಂದು ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ದ್ರಾವಣ ಮಾಡಬೇಕಿತ್ತು. ಆ ಪುಡಿ ತಣ್ಣೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ.

"ಮೊದಲ ಆಲ್ಕೋಹಾಲ್‌ದಾಗ ಕರಗಸೂಣು, ಆಮ್ಯಾಲೆ ನೀರು ಹಾಕೂಣು," ಎಂದಳು.

"ಬಿಸಿನೀರಾಗ ಕರಗಾಕತ್ತೈತಲ್ಲ, ಕಣ್ಣಿಗೆ ಕಾಣವಲ್ದೇನ?"

"ಬಿಸಿ ಇದ್ದಾಗ ಕರಗತೈತಿ ವಕೀಲವ್ವ. ಆರಿದಮ್ಯಾಲೆ?"

"ಆರಿದಮ್ಯಾಲಿಂದು ನೀ ಸಾಬೀತ ಮಾಡು."

ಸುತ್ತಲಿನವರು ನಕ್ಕರು. ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಪಟ್ಟು ಅದು: ಉತ್ತರ ಗೊತ್ತಿಲ್ಲದಾಗ ಸಾಬೀತಿನ ಹೊರೆಯನ್ನು ಎದುರಿನವರ ತಲೆಗೆ ಕಟ್ಟುವುದು. ಅವಳು ಬಿಸಿನೀರಿನ ಪಾತ್ರೆಯನ್ನು ನನ್ನತ್ತ ಸರಿಸಿದಳು. ಬಾಟ್ಲಿಗೆ ತುಂಬಿದಾಗ ದ್ರಾವಣ ತಿಳಿಯಾಗಿಯೇ ಇತ್ತು.

ಮರುದಿನ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದೆ. ತಳದಲ್ಲಿ ಬಿಳಿ ಹರಳು ಕೂತಿದ್ದವು. ಬಿಸಿನೀರು ಕರಗಿಸಿಕೊಂಡಷ್ಟನ್ನೂ ತಣ್ಣೀರು ಹಿಡಿದಿಡಲಾರದು. ಪುಸ್ತಕದ ಮೊದಮೊದಲ ಪಾಠವೇ ಅದು. ಬಾಟ್ಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟೆ. ಹರಳು ಮತ್ತೆ ಮಾಯವಾದವು. ತಿರುಗಿದರೆ ಬಾಗಿಲಲ್ಲಿ ಅವಳು.

ಹತ್ತಿರ ಬಂದು, ಬಾಟ್ಲಿ ಎತ್ತಿ, ಕಾಯಿಸಿದ ಗುರುತು ಉಳಿಯದಂತೆ ಹೊರಗಿನ ನೀರನ್ನು ತನ್ನ ಏಪ್ರನ್ನಿನ ಅಂಚಿನಿಂದ ಒರೆಸಿ ಮೇಜಿನ ಮೇಲಿಟ್ಟಳು.

ಸರ್ ಬಂದು ಅದನ್ನು ಬೆಳಕಿಗೆ ಹಿಡಿದರು. "ಚಲೋ ಐತಿ. ಹೆಂಗ ಮಾಡಿದ್ರಿ?"

"ಮೊದಲ ಆಲ್ಕೋಹಾಲ್‌ದಾಗ ಕರಗಿಸಿ, ಆಮ್ಯಾಲೆ ನೀರು ಹಾಕೇನ್ರಿ ಸರ್," ಎಂದೆ. ಹಿಂದಿನ ದಿನ ನಾನು ಸೋಲಿಸಿದ ಅವಳದೇ ಮಾತು. ಅವಳನ್ನೂ ಸೇರಿಸಿ "ಹಾಕೇವ್ರಿ" ಎಂದೂ ಅನ್ನಲಿಲ್ಲ.

"ಶಾಣ್ಯಾಕಿ," ಎಂದರು ಸರ್, ನನಗೆ.

ಮುಂದಿನ ವಾರ ಅವಳ ಸ್ಟೂಲು ಖಾಲಿ. ಈಗ ಆ ಮೇಜಿನಲ್ಲಿ ನಾನೊಬ್ಬಳೇ. ಔಷಧಿ ಆರುವವರೆಗೂ ಕಾಯುತ್ತೇನೆ. ಮಾತಾಡಲು ಯಾರೂ ಇಲ್ಲ, ಎದುರಾಡಲೂ ಇಲ್ಲ.

ನಿನ್ನೆ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಅವಳು ಸವಣೂರಿನ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಬಾಯಿಗೆ ಬಂದದ್ದು ಮತ್ತದೇ ಪಟ್ಟು:

"ನಿನಗೆಲ್ಲಾ ಗೊತ್ತಿತ್ತಲ್ಲ, ಆ ಬಾಟ್ಲಿ ಯಾಕ ಒರಸಿದಿ?"