ಸಕ್ಕೂಬಾಯಿಯವರು ಕಿತ್ತ ತಂತಿ

ರಕ್ತ ಪರೀಕ್ಷಿಸುವವರು ಕಲಬುರಗಿಯಲ್ಲಿ ಬೇಕಾದಷ್ಟು ಮಂದಿ. ಪರೀಕ್ಷಿಸಿ ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರಾದ ಶ್ರೀಮತಿ ಸಕ್ಕೂಬಾಯಿಯವರು, 1984ರಿಂದ ಇಪ್ಪತ್ತೈದು ವರ್ಷ ಕಮಲಾಪುರದ ಬಸ್ಸಿಳಿದು ಜೇವರ್ಗಿ ಕಾಲೋನಿಯ ನಮ್ಮ ಪ್ರಯೋಗಾಲಯಕ್ಕೆ ಬಂದು, ಇಂದು ನಿವೃತ್ತರಾಗುತ್ತಿದ್ದಾರೆ. ಸೂಜಿಗೆ ಅಂಜಿ ಅಳುವ ಮಕ್ಕಳಿಗೆ ಸೆರಗಿನ ಗಂಟು ಬಿಚ್ಚಿ ಬೆಲ್ಲ ಕೊಡುತ್ತಿದ್ದ ಆ ಕೈ ಏನನ್ನಾದರೂ ಕಿತ್ತೆಳೆದದ್ದನ್ನು ನಾವು ಕಂಡದ್ದು ಒಮ್ಮೆ ಮಾತ್ರ.

ಅದು 2000ದ ಚಳಿಗಾಲ. ವರದಿಗಳೆಲ್ಲ ಕಂಪ್ಯೂಟರಿಗೆ ಏರಿದ್ದವು. ಒಂದೇ ಪ್ರಿಂಟರ್ ಇಬ್ಬರಿಗೂ ಆದೀತೆಂದು ಮಾಲೀಕರಾದ ಡಾ. ಅಣವೀರಪ್ಪನವರು ನಮ್ಮ ಯಂತ್ರಗಳನ್ನೂ ಮಹಡಿಯ ಕಂಪ್ಯೂಟರ್ ತರಗತಿಯ ಯಂತ್ರಗಳನ್ನೂ ಒಂದೇ ತಂತಿಗೆ ಪೋಣಿಸಿದ್ದರು. ವರದಿಗಳ ಫೋಲ್ಡರಿಗೆ ಎಂಟಕ್ಷರದ ಪಾಸ್‌ವರ್ಡಿತ್ತು. ಜಗತ್ ಸರ್ಕಲ್ಲಿನಿಂದ ರಿಪೇರಿಗೆ ಬಂದಿದ್ದ ವಹಾಬ್ ಅದನ್ನು ನೋಡಿ ತಲೆಯಾಡಿಸಿದರು.

“ಅಕ್ಕೋರೆ, ಫೈಲ್ ಹಂಚೋ ವ್ಯವಸ್ಥಾದಾಗೇ ದೋಷ ಅದ ರೀ. ಎಂಟಕ್ಷರ ಯಾಕ, ಮೊದಲನೇದೊಂದು ಹೊಂದಿದ್ರ ಬಾಗಲಾ ತೆರೀತದ. ಮ್ಯಾಲ ಕುಂತವ್ರು ಯಾರರೆ ಓದಬಹುದು.”

ಓದಿಯೂ ತೋರಿಸಿದರು.

ಸಕ್ಕೂಬಾಯಿಯವರು ಮಹಡಿಯ ಮೆಟ್ಟಿಲತ್ತ ನೋಡಿದರು. ಆ ಫೋಲ್ಡರಿನೊಳಗೆ ಕಮಲಾಪುರದ ಒಬ್ಬ ಹೆಣ್ಣುಮಗಳ ರಕ್ತದಲ್ಲಿ ಎಚ್‌ಐವಿ ಇದೆಯೆಂಬ ವರದಿಯಿತ್ತು. ಹೆಸರು ಹೊರಬಿದ್ದರೆ ತವರು, ಅತ್ತೆಮನೆ ಎರಡೂ ಬಾಗಿಲು ಮುಚ್ಚುತ್ತಿದ್ದ ಕಾಲ. ಆಕೆಯ ಮೈದುನನೋ, ಅಯ್ಯೋ, ಅದೇ ಮಹಡಿಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ! ಅವರು ಎದ್ದವರೇ ತಂತಿಯನ್ನು ಎಳೆದು ಕಿತ್ತರು.

“ಹುಚ್ಚು ಹಿಡದದೇನ್ರಿ? ನೌಕರಿ ಬ್ಯಾಡೇನು?” ಎಂದು ಡಾಕ್ಟರರು ಗದರಿದರು.

“ಹೋಗಂದ್ರ ಹೋಗ್ತೀನ್ರಿ. ತಂತಿ ಮಾತ್ರ ಹಚ್ಚಗೊಡಂಗಿಲ್ಲ.”

ತಂತಿ ಮತ್ತೆ ಹತ್ತಲಿಲ್ಲ; ನೌಕರಿ ಉಳಿಯಿತು, ಅಂಜಿಕೆಯೂ ಉಳಿಯಿತು. ಆ ಮೈದುನ ಮೊದಲೇ ಓದಿಬಿಟ್ಟಿದ್ದರೆ? ಸಂಜೆಯ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿದ್ದ ಆತನೇ ಹೊರಳಿ ನೋಡಿದಾಗ ಅವರು ಕೈಚೀಲವನ್ನು ಅವಚಿಕೊಂಡರು. ಆತ ಕೇಳಿದ್ದು ಟೈಮ್ ಎಷ್ಟೆಂದು ಮಾತ್ರ. ಮೂರು ಸಂತೆ ಹೀಗೇ ಕಳೆದವು. ನಾಲ್ಕನೆಯದರಲ್ಲಿ ಆ ಹೆಣ್ಣುಮಗಳು ಅತ್ತೆಯ ಜೊತೆ ನಗುನಗುತ್ತ ಕೆಂಪು ಬಾಳೆಹಣ್ಣಿಗೆ ಚೌಕಾಸಿ ಮಾಡುತ್ತಿದ್ದುದನ್ನು ಕಂಡ ಮೇಲೆಯೇ ಅವರು ಹೊಟ್ಟೆ ತುಂಬ ಉಂಡದ್ದು.

ಸಕ್ಕೂಬಾಯಿಯವರು ನೂರ್ಕಾಲ ಬಾಳಲಿ; ಕಮಲಾಪುರದಲ್ಲಿ ಅವರು ತೆರೆಯಲಿರುವ ಪುಟ್ಟ ಪರೀಕ್ಷಾಲಯಕ್ಕೆ ಆ ಕೈಯ ಹದ ಬಹುಕಾಲ ಒದಗಲಿ. ಆ ಹೆಣ್ಣುಮಗಳ ನಂಟುಗಳನ್ನು ಇಲ್ಲಿ ಬದಲಿಸಿಯೇ ಬರೆಯಲಾಗಿದೆ. ಆಕೆಯ ಹೆಸರಿನ ಮೊದಲಕ್ಷರವನ್ನಾದರೂ ಹಾಕಬಹುದೇ ಎಂದು ಕೇಳಿದಾಗ ಸಕ್ಕೂಬಾಯಿಯವರು ಸೆರಗಿನ ಗಂಟನ್ನು ಇನ್ನಷ್ಟು ಬಿಗಿದರು.

“ಬ್ಯಾಡ್ರಿ. ಬಾಗಲಾ ತೆರೀಲಿಕ್ಕೆ ಒಂದಕ್ಷರ ಸಾಕು.”