ನೆಂಟರ ಟವೆಲ್

ಇಂದು ಭಾನುವಾರ, ಬೆಳಗಿನ ಹತ್ತು ಗಂಟೆ, ವಿನೋಬನಗರದ ನಮ್ಮ ಮನೆ. ಸ್ನೇಹಿತರೇ, ಕಳೆದ ತಿಂಗಳು ದಪ್ಪನೆಯ, ಮೆತ್ತನೆಯ ಟವೆಲ್ ಒಂದನ್ನು ಕೊಂಡಿದ್ದೆ. ಬೆಲೆ ಹೆಚ್ಚೇನಲ್ಲ, ಮುನ್ನೂರು ಪುಟದ ಒಂದು ಅನುವಾದಿತ ಕಾದಂಬರಿಯಷ್ಟು. ನೆಂಟರು ಬಂದಾಗ ಬೇಕೆಂದು ಹೆಂಡತಿ ಅದನ್ನು ಬೀರುವಿನಲ್ಲಿಟ್ಟಳು. ನಾನು ಹಳೆಯ ಪಂಚೆಯ ತುಂಡಿನಲ್ಲೇ ಮೈ ಒರೆಸಿಕೊಳ್ಳುತ್ತಿದ್ದೇನೆ.

ಇಂದು ಭದ್ರಾವತಿಯಿಂದ ಅವಳ ತಮ್ಮ ಬಂದ. ಸ್ನಾನಕ್ಕೆ ಹೊರಟವನಿಗಾಗಿ ಟವೆಲ್ ಹೊರಗೆ ಬಂತು. ಅವನು ಒಮ್ಮೆ ಬಳಸಿದರೆ ಅದು ಹಳೆಯದಾಗುತ್ತದೆ, ಹಳೆಯದಾದರೆ ನನ್ನದಾಗುತ್ತದೆ ಎಂದು ನಾನು ಕಾದು ನಿಂತೆ.

ಅವನು ಅದನ್ನು ಸವರಿ ನೋಡಿ ಹಿಂದಕ್ಕೆ ಕೊಟ್ಟ.

"ಇಷ್ಟು ಚೆನ್ನಾಗಿರೋದನ್ನ ಯಾಕಕ್ಕ ಹಾಳು ಮಾಡ್ತೀಯ? ನಾನೇನು ಹೊರಗಿನವನಾ? ಯಾವುದಾದ್ರೂ ಹಳೇದು ಕೊಡು."

"ತಗೋ ಮಾರಾಯ, ನಿಂಗೆ ಕೈ ಮುಗೀತೀನಿ," ಎಂದೆ.

"ಬೇಡ ಭಾವ. ನಮ್ಮನೇಲೂ ಇಂಥದ್ದೇ ಒಂದಿದೆ. ನೀವು ಬಂದಾಗ ಕೊಡೋಣ ಅಂತ ಎರಡು ವರ್ಷದಿಂದ ಎತ್ತಿಟ್ಟಿದೀವಿ."

ಟವೆಲ್ ಮತ್ತೆ ಬೀರು ಸೇರಿತು. ಅವನು ನನ್ನ ಪಂಚೆಯ ತುಂಡನ್ನು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ.

ಮುಂದಿನ ಭಾನುವಾರ ಸ್ನಾನ ಮಾಡದೆ ಭದ್ರಾವತಿಯ ಬಸ್ಸು ಹತ್ತುವುದೆಂದು ತೀರ್ಮಾನಿಸಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.